ಸತ್ತ ಕ್ಯಾಮೆರಾ ತೆಗೆದ ಫೋಟೋಗಳು

ಮೆಸೇಜು ಬಂದದ್ದು ಗುರುವಾರ ಬೆಳಿಗ್ಗೆ, ಗುಬ್ಬಿ ಒಂದು ಹಠಮಾರಿ ಮಗುವಿನ ಪಾಸ್‌ಪೋರ್ಟ್ ಫೋಟೋ ತೆಗೆಯುವುದಕ್ಕೆ ಹೆಣಗುತ್ತಿದ್ದಾಗ.

"ಭಾನುವಾರ ನಮ್ಮ ಅಕ್ಕ ಬರ್ತಿದ್ದಾಳೆ. ನಿಮ್ಮನ್ನ ನೋಡ್ಬೇಕಂತೆ. ಹನ್ನೊಂದಕ್ಕೆ ಅಂಗಡಿಗೆ ಬನ್ನಿ. ಅವಳ ಕ್ಯಾಮೆರಾನೂ ತನ್ನಿ, ಮರೀಬೇಡಿ. ನಾವು ಮೂವರೂ ಇರೋ ಮೊದಲನೇ ಫೋಟೋ ಅದರಲ್ಲೇ ತೆಗೀಬೇಕು."

ಬೇರೆ ಹುಡುಗಿಯಾಗಿದ್ದರೆ 'ನಿಮ್ಮನ್ನ ನೋಡ್ಬೇಕಂತೆ' ಅನ್ನುವಲ್ಲಿ ನಿಂತು, ಅದನ್ನೇ ಹತ್ತು ಸಲ ಓದಿ, ದುಪಟ್ಟಾದ ತುದಿ ಕಚ್ಚಿಕೊಳ್ಳುತ್ತಿದ್ದಳು. ನಮ್ಮ ಗುಬ್ಬಿಯ ಕಣ್ಣು ಹೋಗಿ ಅಂಟಿದ್ದು 'ಕ್ಯಾಮೆರಾನೂ ತನ್ನಿ' ಅನ್ನುವ ಮಾತಿಗೆ. ಎದೆ ಧಸಕ್ಕೆಂದಿತು.

ಯಾಕೆ ಅಂತೀರಾ? ಆ ಕ್ಯಾಮೆರಾ ಸತ್ತು ತಿಂಗಳುಗಳೇ ಕಳೆದಿದ್ದವು. ಅದು ಸತ್ತ ಮೇಲೂ ಅದರಲ್ಲಿ ತೆಗೆದದ್ದು ಅಂತ ಹೇಳಿ ದಿನಕ್ಕೊಂದು ಫೋಟೋ ಈ ಮೆಸೇಜು ಕಳಿಸಿದವನಿಗೆ ಹೋಗುತ್ತಲೇ ಇತ್ತು.

"ಏನೇ ಅದು, ಮುಖ ಹಾಗೆ ಬಿಳಿಚಿಕೊಂಡಿದೆ?" ಕೌಂಟರಿನ ಹಿಂದಿನಿಂದ ದೊಡ್ಡಮ್ಮ ಕೇಳಿದಳು. "ಮಗು ಹೆದರೋದು ಸರಿ. ಫೋಟೋ ತೆಗೆಯೋಳೇ ಹೆದರಿದ್ರೆ ಹೆಂಗೆ?"

"ಏನಿಲ್ಲ ದೊಡ್ಡಮ್ಮ."

"ಏನಿಲ್ಲ ಅನ್ನೋದ್ರಲ್ಲೇ ಎಲ್ಲಾ ಇರುತ್ತೆ," ಎಂದು ದೊಡ್ಡಮ್ಮ ಕತ್ತರಿ ತೆಗೆದುಕೊಂಡು ಯಾರದೋ ಪ್ರಿಂಟಿನ ಅಂಚು ಕತ್ತರಿಸುವುದಕ್ಕೆ ಶುರುಮಾಡಿದಳು.

ಸ್ಟುಡಿಯೋ ದೊಡ್ಡಮ್ಮನದು. ಫೋಟೋ ತೆಗೆಯುವುದು, ಬಣ್ಣ ತಿದ್ದುವುದು, ಪ್ರಿಂಟು ಹಾಕುವುದು ಗುಬ್ಬಿಯದು. ಗುಬ್ಬಿ ಅನ್ನುವುದು ಅವಳ ಹೆಸರಲ್ಲ, ಸ್ವಭಾವ. ಬಾಗಿಲು ದಡಾರೆಂದರೆ ಹಾರುತ್ತಾಳೆ, ಫೋನು ರಿಂಗಾದರೆ ಹಾರುತ್ತಾಳೆ, ಯಾರಾದರೂ 'ನಿನ್ನ ಹತ್ರ ಒಂದು ಮಾತಾಡ್ಬೇಕು' ಅಂದರಂತೂ ಮುಗಿಯಿತು, ಆ ಮಾತು ಬರುವ ತನಕ ಅನ್ನ ಇಳಿಯುವುದಿಲ್ಲ. ಇಂಥವಳು ಸುಳ್ಳು ಹೇಳಬಾರದಿತ್ತು. ಹೇಳಿದ್ದಳು. ಅದೂ ಯಾರಿಗೆ? ಡಾಕ್ಟರಿಗೆ.

ಡಾಕ್ಟರು ಅಂದರೆ ಮನುಷ್ಯರ ಡಾಕ್ಟರಲ್ಲ. ಕ್ಯಾಮೆರಾ ರಿಪೇರಿಯವನು. ಬೀಗದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಕಿರಿದಾದ ಮರದ ಮೆಟ್ಟಿಲು ಹತ್ತಿದರೆ ಅವನ ಒಂದು ಕೋಣೆಯ ಅಂಗಡಿ. ಹಣೆಗೆ ಟಾರ್ಚು ಕಟ್ಟಿಕೊಂಡು, ಚಿಮಟ ಹಿಡಿದುಕೊಂಡು, ಬಿಚ್ಚಿಟ್ಟ ಕ್ಯಾಮೆರಾದ ಮೇಲೆ ಬಗ್ಗಿ ಕೂತಿರುತ್ತಾನೆ. ಅದನ್ನು ನೋಡಿ ಬೀದಿಯವರೇ ಇಟ್ಟ ಹೆಸರು.

ಸ್ಟುಡಿಯೋದ ದೊಡ್ಡ ಕ್ಯಾಮೆರಾ ಒಂದು ದಿನ ಕಚಕ್ ಅಂದು ನಿಂತುಬಿಟ್ಟಾಗ ಗುಬ್ಬಿ ಮೊದಲ ಸಲ ಆ ಮೆಟ್ಟಿಲು ಹತ್ತಿದ್ದಳು. ಅವನು ಸ್ಕ್ರೂ ಬಿಚ್ಚುತ್ತಾ ಹೋದ. ಇವಳು ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಅವನು ತಲೆ ಎತ್ತದೆಯೇ ಹೇಳಿದ: "ಮೇಡಂ, ಉಸಿರು ಬಿಡಿ. ಬದುಕುತ್ತೆ."

"ನಾನು ಉಸಿರಾಡ್ತಾ ಇದೀನಿ."

"ಇಲ್ಲ. ಆಗಿಂದ ಕೇಳಿಸ್ಕೊಳ್ತಾ ಇದೀನಿ, ಒಂದೂ ಬಂದಿಲ್ಲ."

ಆಮೇಲೆ ತಲೆ ಎತ್ತಿ ನೋಡಿದ. ಟಾರ್ಚಿನ ಬೆಳಕು ನೇರ ಇವಳ ಮುಖಕ್ಕೆ ಬಿತ್ತು. ಅವನು ಗಡಿಬಿಡಿಯಿಂದ ಟಾರ್ಚು ಆರಿಸಿದ. ಆರಿಸಿದ ಮೇಲೂ ನೋಡುತ್ತಲೇ ಇದ್ದ. ಇವಳ ಕಿವಿ ಬಿಸಿಯಾಯಿತು.

ಕ್ಯಾಮೆರಾ ಸರಿಯಾಯಿತು. ಆದರೆ ಹುಡುಗಿ ಕೆಟ್ಟಳು. ಫ್ಲ್ಯಾಶಿನ ನೆಪ ಮಾಡಿಕೊಂಡು ಹೋದಳು, ಟ್ರೈಪಾಡಿನ ನೆಪ ಮಾಡಿಕೊಂಡು ಹೋದಳು, ಕೊನೆಗೆ ಒಂದು ದಿನ ಬರೀ ಲೆನ್ಸಿನ ಮುಚ್ಚಳ ಹಿಡಿದುಕೊಂಡು ಹೋದಳು.

"ಇದಕ್ಕೇನಾಗಿದೆ?" ಎಂದು ಅವನು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸ್ವಲ್ಪ ಲೂಸ್ ಆಗಿದೆ ಅನ್ಸುತ್ತೆ."

"ಹೌದೌದು. ಸೀರಿಯಸ್ ಕೇಸು. ಒಂದು ವಾರ ಅಡ್ಮಿಟ್ ಮಾಡ್ಬೇಕಾಗುತ್ತೆ," ಎಂದ, ನಗದೆ. ನಗದೇ ಇರುವುದಕ್ಕೆ ಅವನು ಪಡುತ್ತಿದ್ದ ಕಷ್ಟ ಕೆನ್ನೆಯಲ್ಲಿ ಕಾಣುತ್ತಿತ್ತು.

ರಿಪೇರಿಗೆ ಒಯ್ಯುವುದಕ್ಕೆ ಸ್ಟುಡಿಯೋದಲ್ಲಿ ಇನ್ನೇನೂ ಉಳಿಯದಿದ್ದ ದಿನ ಅವನೇ ಒಂದು ಕ್ಯಾಮೆರಾ ತೆಗೆದು ಇವಳ ಮುಂದಿಟ್ಟಿದ್ದ. ಸೋಪಿನ ಗಾತ್ರದ್ದು, ಬೆಳ್ಳಿ ಬಣ್ಣದ್ದು. ಡಿಜಿಟಲ್ ಕ್ಯಾಮೆರಾಗಳು ಹೊಸತಾಗಿ ಬಂದ ಕಾಲದ್ದು. ಬಟನ್ನಿನ ಪಕ್ಕ ಉಗುರುಬಣ್ಣದ ಒಂದು ಚುಕ್ಕೆ.

"ನಮ್ಮ ಅಕ್ಕನದು. ಮೊದಲನೇ ಸಂಬಳದಲ್ಲಿ ತಗೊಂಡಿದ್ದಂತೆ, ಯಾರೂ ಕದೀಬಾರ್ದು ಅಂತ ಚುಕ್ಕೆ ಬೇರೆ ಇಟ್ಟಿದ್ದಾಳೆ. ಇಟ್ಕೊಳ್ಳಿ. ದಿನಕ್ಕೊಂದು ಫೋಟೋ ತೆಗೆದು ನಂಗೆ ಕಳ್ಸಿ. ಏನಾದ್ರೂ ಆದ್ರೆ ಸೀದಾ ನನ್ನ ಹತ್ರ ತನ್ನಿ."

ಆಮೇಲೆ ಮತ್ತೆ ಹೇಳಿದ, "ಸೀದಾ ನನ್ನ ಹತ್ರ."

ಆ ಪುಟ್ಟ ಡಬ್ಬಿಯ ಬಣ್ಣವೇ ಬೇರೆ. ಈಗಿನ ಕ್ಯಾಮೆರಾಗಳು ಎಲ್ಲವನ್ನೂ ತೊಳೆದು ಒರೆಸಿಟ್ಟ ಹಾಗೆ ತೋರಿಸುತ್ತವೆ. ಇದು ಹಾಗಲ್ಲ. ಆಕಾಶಕ್ಕೆ ಒಂಚೂರು ಹಸಿರು ಬೆರೆಸುತ್ತಿತ್ತು. ಯಾರ ಫೋಟೋ ತೆಗೆದರೂ ಅವರು ಈಗಷ್ಟೇ ಬಿಸಿನೀರು ಸ್ನಾನ ಮಾಡಿ ಬಂದ ಹಾಗೆ ಕಾಣುತ್ತಿದ್ದರು. ನೆರಳಲ್ಲಿ ನೀಲಿ ನುಚ್ಚು ಚೆಲ್ಲುತ್ತಿತ್ತು. ಫ್ರೇಮಿನಲ್ಲಿ ದೀಪವಿದ್ದರೆ ಅದರ ಮೂಲಕ ಮೇಲಿಂದ ಕೆಳಕ್ಕೆ ನೇರಳೆ ಬಣ್ಣದ ಒಂದು ಗೆರೆ ಎಳೆಯುತ್ತಿತ್ತು. ಒಳಗೆ ಬೆಳಕು ಹಿಡಿಯುವ ಹಳೆಯ ಸೆನ್ಸರಿನ ದೋಷ ಅದು. ದೋಷವಾದರೇನು, ಗುಬ್ಬಿಗೆ ಆ ಗೆರೆ ಅಂದರೆ ಪ್ರಾಣ.

ಬಕೆಟ್ಟು, ಕೊಡೆ, ದೊಡ್ಡಮ್ಮನ ಚಪ್ಪಲಿ, ಕಿಟಕಿಯ ಬೆಕ್ಕು, ಏನು ಸಿಕ್ಕರೆ ಅದನ್ನು ತೆಗೆದು ಕಳಿಸಿದಳು. 'ಚೆನ್ನಾಗಿದೆ' ಎಂದು ಅವನ ಉತ್ತರ ಬರುತ್ತಿತ್ತು. 'ಫೋಕಸ್ ಸರಿಯಾಗಿದೆ' ಎಂದು ಒಂದು ಸಲ ಬಂತು. ಅಷ್ಟಕ್ಕೇ ಇವಳು ಇಡೀ ದಿನ ಗುನುಗುತ್ತಿದ್ದಳು.

ಒಂದು ಬೆಳಿಗ್ಗೆ ಕ್ಯಾಮೆರಾ ಆನ್ ಮಾಡಿದರೆ ಪರದೆಯೆಲ್ಲ ನೇರಳೆ. ಗೆರೆಗಳು ಕರಗಿ ಕೆಳಕ್ಕೆ ಇಳಿದವು. ಆಮೇಲೆ ಕಪ್ಪು. ಬ್ಯಾಟರಿ ಬದಲಿಸಿದಳು, ಊದಿದಳು, ತಟ್ಟಿದಳು, ಬೇಡಿಕೊಂಡಳು. ಊಹೂಂ. ಆಗ ನೆನಪಾಯಿತು, ಹಿಂದಿನ ದಿನ ಅದನ್ನು ಲ್ಯಾಮಿನೇಶನ್ ಮೆಷಿನ್ನಿನ ಮೇಲಿಟ್ಟು ಮರೆತಿದ್ದಳು. ಬಿಸಿ ಮೆಷಿನ್ನು. ಮಧ್ಯಾಹ್ನ ಪೂರ್ತಿ.

"ಅಯ್ಯೋ, ಕೊಂದುಬಿಟ್ಟೆ," ಅಂದಳು ಗುಬ್ಬಿ.

ಅವತ್ತೇ ಹೋಗಿ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹೇಳುವುದಕ್ಕೆ ಧೈರ್ಯ ಬರಲಿಲ್ಲ. ಅಕ್ಕನ ಮೊದಲನೇ ಸಂಬಳದ ಕ್ಯಾಮೆರಾ! ಇವತ್ತೊಂದು ದಿನ ಹೇಗಾದರೂ ದಾಟಿಸಿ ನಾಳೆ ಹೇಳಿದರಾಯಿತು ಅಂದುಕೊಂಡಳು. ಸ್ಟುಡಿಯೋದ ಹೊಸ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಹಳೆಯ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕೆ ಇದನ್ನು ಹೊಂದಿಸಿದಳು. ಚೂಪು ಕಡಿಮೆ ಮಾಡಿದಳು. ಆಕಾಶವನ್ನು ಹಸಿರಿನ ಕಡೆ ಒಂದು ಕೂದಲೆಳೆಯಷ್ಟು ಬಗ್ಗಿಸಿದಳು. ಚರ್ಮಕ್ಕೆ ಬಿಸಿ ಕೊಟ್ಟಳು, ನೆರಳಿಗೆ ನೀಲಿ ನುಚ್ಚು ಉದುರಿಸಿದಳು. ದೀಪ ಸಿಕ್ಕಿದಲ್ಲಿ ಆ ನೇರಳೆ ಗೆರೆಯನ್ನು ಕೈಯಾರೆ ಎಳೆದಳು. ಎಲ್ಲ ಬಂತು, ಕೆಂಪೊಂದು ಮಾತ್ರ ಸತಾಯಿಸಿತು. ಒಮ್ಮೆ ಕಿತ್ತಳೆಯ ಕಡೆ ಓಡುತ್ತಿತ್ತು, ಒಮ್ಮೆ ಇಟ್ಟಿಗೆಯ ಕಡೆ. ಕೊನೆಗೆ ಹಳೆಯ ಫೋಟೋ ನೋಡುವುದನ್ನೇ ಬಿಟ್ಟು, ಕಣ್ಣಿಗೆ ಹಿತವಾದ ಜಾಗದಲ್ಲಿ ನಿಲ್ಲಿಸಿ, ಇದೇ ಇರಬೇಕು ಬಿಡು ಅಂದುಕೊಂಡಳು.

ಕಳಿಸಿದಳು. ಕಳಿಸಿ ಫೋನನ್ನು ದಿಂಬಿನ ಕೆಳಗೆ ತುರುಕಿದಳು, ಅದೆಲ್ಲಿ ಕಚ್ಚುತ್ತದೋ ಅನ್ನುವ ಹಾಗೆ.

ಉತ್ತರ ಬಂತು. "ಮೇಡಂ! ಏನ್ರೀ ಇದು ಕೆಂಪು! ನೋಡ್ತಾ ನೋಡ್ತಾ ಟೀ ತಣ್ಣಗಾಗಿ ಹೋಯ್ತು."

ಅಷ್ಟು ದಿನ 'ಚೆನ್ನಾಗಿದೆ' ಅನ್ನುತ್ತಿದ್ದವನು ಅಂದಿನಿಂದ ಪುಟಗಟ್ಟಲೆ ಬರೆಯತೊಡಗಿದ. "ಇವತ್ತು ಬೆಳಿಗ್ಗೆಯಿಂದ ನಿಮ್ಮ ಫೋಟೋಕ್ಕೆ ಕಾಯ್ತಾ ಇದೀನಿ." "ಈ ಬಣ್ಣ ನೋಡಿದ್ರೆ ಯಾಕೋ ಮನೆಗೆ ಬಂದ ಹಾಗಾಗುತ್ತೆ." ಓದಿದಾಗೆಲ್ಲ ಗುಬ್ಬಿಗೆ ಮೈ ಜುಮ್ಮೆನ್ನುತ್ತಿತ್ತು, ಮರುಕ್ಷಣ ಫೋನನ್ನು ಮಗುಚಿ ಇಡುತ್ತಿದ್ದಳು. ಅವನು ಪ್ರೀತಿಸುತ್ತಿರುವುದು ಆ ಕ್ಯಾಮೆರಾದ ಬಣ್ಣವನ್ನು. ಆ ಕ್ಯಾಮೆರಾವೇ ಇಲ್ಲ. ಈಗ ಹೇಳಿದರೆ ಬಣ್ಣವೂ ಹೋಯಿತು, ಅವನೂ ಹೋದ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಂಗಡಿಯ ಕಡೆ ಹೋಗುವುದನ್ನೇ ನಿಲ್ಲಿಸಿದಳು. ಹೋದರೆ 'ತನ್ನಿ, ಲೆನ್ಸ್ ಒರೆಸಿ ಕೊಡ್ತೀನಿ' ಅಂದರೆ? ಒಮ್ಮೆ ನೆಗಡಿ ಅಂದಳು, ಒಮ್ಮೆ ದೊಡ್ಡಮ್ಮನ ಮಂಡಿನೋವು ಅಂದಳು, ಒಮ್ಮೆ ಕೆಲಸ ಜಾಸ್ತಿ ಅಂದಳು. ತರಕಾರಿ ಅಂಗಡಿಯ ಮುಂದೆ ಒಂದು ಸಂಜೆ ಸಿಕ್ಕಿಬಿದ್ದಳು.

"ಕ್ಯಾಮೆರಾ ಹೇಗಿದೆ?" ಎಂದು ಅವನು ಕೇಳಿದ.

"ಚೆನ್ನಾಗಿದ್ದಾರೆ," ಎಂದಳು ಗುಬ್ಬಿ.

ಅವನು ನಗಲಿಲ್ಲ. ಕೈಯಲ್ಲಿದ್ದ ಟೊಮೆಟೊವನ್ನು ಬುಟ್ಟಿಗೆ ವಾಪಸ್ ಇಟ್ಟು, ಇವಳ ಮುಖವನ್ನೇ ನೋಡಿದ. ಇವಳು ಈರುಳ್ಳಿ ಬಿಟ್ಟು ಮನೆಗೆ ಓಡಿದಳು.

ಹೀಗಿರುವಾಗ ಬಂತು ಆ ಗುರುವಾರದ ಮೆಸೇಜು.

ಫೋಟೋಕ್ಕೆ ಸುಳ್ಳು ಬಣ್ಣ ಬಳಿಯಬಹುದು. ಕ್ಯಾಮೆರಾ ಕೈಗೆ ತೆಗೆದುಕೊಂಡು ಅಕ್ಕ ಬಟನ್ ಒತ್ತಿದರೆ? ಅದೇ ಮಾಡೆಲ್ಲು ಇನ್ನೊಂದು ಸಿಗುತ್ತದೋ ಅಂತ ಗುಬ್ಬಿ ಆನ್‌ಲೈನಿನಲ್ಲಿ ಹುಡುಕಿ ಹುಡುಕಿ ಕಣ್ಣು ಉರಿಸಿಕೊಂಡಳು. ಸಿಗಲಿಲ್ಲ. ಉಳಿದದ್ದು ರಿಪೇರಿ ಒಂದೇ. ಊರಿನಲ್ಲಿ ಇಂಥ ಹಳೆಯ ಕ್ಯಾಮೆರಾ ಬಿಚ್ಚಿ ಜೋಡಿಸುವವನು ಒಬ್ಬನೇ, ಅವನಿಗೆ ಗೊತ್ತಾಗಬಾರದು ಅಂತಲೇ ಈ ಪಾಡು. ಯಾರಿಗೆ ಹೇಳೋಣ ಇದನ್ನು!

ಶುಕ್ರವಾರ ಪೇಟೆಯ ಆ ತುದಿಯಲ್ಲಿ ಗಡಿಯಾರ, ರೇಡಿಯೋ ರಿಪೇರಿ ಮಾಡುವ ಒಬ್ಬ ತಾತನ ಅಂಗಡಿಗೆ ಹೋದಳು. ತಾತ ಕನ್ನಡಕ ಏರಿಸಿ, ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಇದು ನನ್ನ ಕೈಲಾಗಲ್ಲಮ್ಮ. ಆದ್ರೆ ನೀನೇನೂ ಚಿಂತೆ ಮಾಡ್ಬೇಡ. ನಮ್ಮ ಡಾಕ್ಟ್ರು ಇದಾನೆ, ಹೆಣಕ್ಕೂ ಜೀವ ಕೊಡ್ತಾನೆ."

"ಬೇಡ ತಾತ, ಅವರಿಗೆ ಬೇಡ."

"ಸುಮ್ನಿರಮ್ಮ, ನಮ್ಮ ಹುಡುಗನೇ. ತಾಳು, ಈಗಲೇ ಕೇಳ್ತೀನಿ." ತಾತ ಆಗಲೇ ಫೋನು ಒತ್ತಿಯಾಗಿತ್ತು. ಕಿವಿ ಮಂದ, ಹಾಗಾಗಿ ಸ್ಪೀಕರ್. "ಹಲೋ, ಡಾಕ್ಟ್ರೇ? ಇಲ್ಲೊಂದು ಕೇಸ್ ಬಂದಿದೆ ಕಣಪ್ಪ. ಹಳೇ ಕ್ಯಾಮೆರಾ, ಜೀವ ಇಲ್ಲ."

"ಹೇಗಿದೆ ನೋಡೋಕೆ?" ಎಂದಿತು ಆ ದನಿ. ಎಷ್ಟೋ ದಿನದಿಂದ ಕೇಳದಿದ್ದ ದನಿ. ಗುಬ್ಬಿ ಕೌಂಟರಿನ ಮುಂದೆ ಕಲ್ಲಾಗಿ ನಿಂತಳು.

"ಬೆಳ್ಳಿ ಬಣ್ಣದ್ದು. ಇಷ್ಟೇ ಇಷ್ಟಿದೆ. ಬಟನ್ ಪಕ್ಕ ಏನೋ ಉಗುರುಬಣ್ಣ ಮೆತ್ತಿದಾರೆ."

ತಾತನ ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಟಿಕ್ ಟಿಕ್ ಅನ್ನುತ್ತಿದ್ದವು. ಕೊನೆಗೆ ಆ ದನಿ ಮೆಲ್ಲಗೆ ಕೇಳಿತು. "ತಂದವರು ಅಲ್ಲೇ ಇದಾರಾ?"

ಗುಬ್ಬಿ ತಾತನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಓಡಿದಳು. "ಏಯ್, ಏಯ್ ಹುಡುಗಿ!" ಎಂದು ತಾತ ಕೂಗಿದ್ದು ಬೀದಿಯ ತಿರುವಿನ ತನಕ ಬೆನ್ನಟ್ಟಿ ಬಂತು.

ಆ ಸಂಜೆ ಅವನ ಮೆಸೇಜು ಬರಲಿಲ್ಲ. ಶನಿವಾರವೂ ಬರಲಿಲ್ಲ. ಇವಳೂ ಫೋಟೋ ಕಳಿಸಲಿಲ್ಲ, ಕಳಿಸುವ ಮುಖ ಎಲ್ಲಿತ್ತು? ಫೋನು ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು. ಅದು ರಿಂಗಾದರೆ ಹಾರುತ್ತಿದ್ದ ಹುಡುಗಿ, ಈಗ ರಿಂಗಾಗದೇ ಇರುವುದಕ್ಕೆ ಬೆವರುತ್ತಿದ್ದಳು. ಗಿರಾಕಿಯೊಬ್ಬರ ಫೋಟೋದಲ್ಲಿ ಮೀಸೆಯನ್ನೇ ಅಳಿಸಿಹಾಕಿದಳು.

"ಸಾಕು," ಎಂದಳು ದೊಡ್ಡಮ್ಮ, ಆ ಪ್ರಿಂಟನ್ನು ಎತ್ತಿ ಹಿಡಿದು. "ಈ ಮನುಷ್ಯ ಬಂದು ಜಗಳ ಆಡೋಕೆ ಮುಂಚೆ ಏನಾಯ್ತು ಅಂತ ಬೊಗಳು."

ಗುಬ್ಬಿ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು. "ಕ್ಯಾಮೆರಾ ಸತ್ತಿದ್ದು ತಪ್ಪಲ್ಲ ಕಣೇ. ಸತ್ತಿದ್ದಕ್ಕೆ ದಿನಾ ಪೌಡರ್ ಹಚ್ಚಿ ಕಿಟಕೀಲಿ ಕೂರಿಸಿದ್ಯಲ್ಲ, ಅದು ತಪ್ಪು. ನಾಳೆ ಹೋಗು. ಹೇಳು. ಬೈದ್ರೆ ಬೈಸ್ಕೊ. ಬೈಸ್ಕೊಂಡು ಯಾರೂ ಸತ್ತಿಲ್ಲ."

"ಬೈದ್ರೆ ಪರವಾಗಿಲ್ಲ ದೊಡ್ಡಮ್ಮ," ಎಂದಳು ಗುಬ್ಬಿ, ಮೂಗು ಒರೆಸಿಕೊಳ್ಳುತ್ತಾ. "ಬೈಯದೆ, 'ಸರಿ ಮೇಡಂ, ಇಟ್ಟು ಹೋಗಿ' ಅಂದುಬಿಟ್ರೆ?"

ದೊಡ್ಡಮ್ಮ ಕೈಯಲ್ಲಿದ್ದ ಪ್ರಿಂಟನ್ನು ಕೆಳಗಿಟ್ಟಳು. ಇವಳ ತಲೆಯನ್ನು ಎಳೆದು ಹೊಟ್ಟೆಗೆ ಒತ್ತಿಕೊಂಡಳು.

ಭಾನುವಾರ ಅಕ್ಕ ಬರುವ ಮುಂಚೆಯೇ ಹೇಳಿ ಮುಗಿಸಬೇಕು ಅಂತ ಗುಬ್ಬಿ ಬೇಗ ಹೊರಟಳು. ಬೀಗದ ಅಂಗಡಿ ಮುಚ್ಚಿತ್ತು. ಮರದ ಮೆಟ್ಟಿಲು ಒಂದೊಂದಕ್ಕೂ ಕಿರ್ ಅನ್ನುತ್ತಿತ್ತು, ಬಂದಳು ನೋಡು ಕಳ್ಳಿ ಅನ್ನುವ ಹಾಗೆ. ಅರ್ಧಕ್ಕೆ ನಿಂತಳು. ವಾಪಸ್ ಇಳಿದಳು. ಮತ್ತೆ ಹತ್ತಿದಳು. ಈ ಸಲ ಗೋಡೆ ಹಿಡಿದುಕೊಂಡು, ನಿಲ್ಲದೆ.

ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಯಾವತ್ತೂ ಹರಡಿರುತ್ತಿದ್ದ ಸ್ಕ್ರೂ, ಚಿಮಟ, ಬಿಚ್ಚಿದ ಲೆನ್ಸು ಒಂದೂ ಇರಲಿಲ್ಲ. ಎಲ್ಲ ಗುಡಿಸಿ ಒರೆಸಿ, ಮೂರು ಕುರ್ಚಿ ಇಟ್ಟಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ. ಇವಳನ್ನು ನೋಡಿದವನೇ ಕುರ್ಚಿಯೊಂದಕ್ಕೆ ಎಡವಿದ.

"ಬನ್ನಿ ಮೇಡಂ."

ದನಿಯಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ. ಇದೇ, ಇದೇ ಆ 'ಇಟ್ಟು ಹೋಗಿ' ದನಿ ಅಂದುಕೊಂಡಳು ಗುಬ್ಬಿ. ಕರವಸ್ತ್ರದಲ್ಲಿ ಸುತ್ತಿದ್ದ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಕಲಿತುಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ನಾನು ಕೊಂದೆ ಇದನ್ನ. ಬಿಸಿ ಮೆಷಿನ್ ಮೇಲೆ ಇಟ್ಟು ಮರೆತೆ. ಸತ್ತು ತುಂಬಾ ದಿನ ಆಯ್ತು. ಆಮೇಲೆ ಕಳ್ಸಿದ್ದೆಲ್ಲಾ ಸುಳ್ಳು ಫೋಟೋ. ಹೊಸ ಕ್ಯಾಮೆರಾದು. ಬಣ್ಣ ನಾನೇ ಮಾಡಿದ್ದು. ಗೆರೆ ಕೂಡ ನಾನೇ ಎಳೆದಿದ್ದು."

"ಗೊತ್ತು," ಎಂದ.

"ತಾತ ಹೇಳಿದ್ರಾ?"

"ಅದಕ್ಕೂ ಮುಂಚೆ." ಫೋನು ತೆಗೆದು ಒಂದು ಫೋಟೋ ತೋರಿಸಿದ. ಬೀದಿದೀಪದ ಕೆಳಗೆ ಕೆಂಪು ಕೊಡೆ ಹಿಡಿದ ಒಬ್ಬ ಹೆಂಗಸು. ಕ್ಯಾಮೆರಾ ಅಡ್ಡ ತಿರುಗಿಸಿಕೊಂಡು, ಉದ್ದುದ್ದಕ್ಕೆ ತೆಗೆದದ್ದು. ದೀಪದಿಂದ ನೇರಳೆ ಗೆರೆ ನೆಟ್ಟಗೆ ಕೆಳಕ್ಕೆ ಬಿದ್ದಿತ್ತು. "ಹೋದ ವಾರ ಕಳ್ಸಿದ್ರಿ. ಈ ಗೆರೆ ಯಾವಾಗಲೂ ಸೆನ್ಸರ್ ಜೊತೆಗೆ ಹೋಗುತ್ತೆ ಮೇಡಂ. ಕ್ಯಾಮೆರಾ ನೆಟ್ಟಗಿದ್ರೆ ಗೆರೆನೂ ನೆಟ್ಟಗೆ. ಕ್ಯಾಮೆರಾ ತಿರುಗಿಸಿದ್ರೆ ಗೆರೆನೂ ತಿರುಗಿ ಮಲಗಬೇಕು. ನಿಮ್ಮದು ನಿಂತೇ ಇದೆ."

ಗುಬ್ಬಿ ನೋಡಿದಳು. ಅಷ್ಟು ಕಷ್ಟಪಟ್ಟು, ನೆರಳಿಗೆಲ್ಲ ನೀಲಿ ನುಚ್ಚು ಉದುರಿಸಿ, ಗೆರೆಯನ್ನು ನಿಲ್ಲಿಸಿಬಿಟ್ಟಿದ್ದಳಲ್ಲ! ನಾಚಿಕೆಯಿಂದ ನೆಲಕ್ಕೆ ಇಳಿದುಹೋಗಬೇಕು ಅನ್ನಿಸಿತು.

"ಹಾಗಾದ್ರೆ ಕ್ಯಾಮೆರಾ ತನ್ನಿ ಅಂದಿದ್ದು..."

"ನೀವಾಗಿ ಹೇಳ್ತೀರೇನೋ ಅಂತ. ನೀವು ನೋಡಿದ್ರೆ ತಾತನ ಹತ್ರ ಹೋದ್ರಿ. ಊರೆಲ್ಲಾ ಸುತ್ತಿದ್ರಿ, ನನ್ನ ಹತ್ರ ಒಂದು ಬಿಟ್ಟು." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಅವನ ಬೆರಳು ನಡುಗುತ್ತಿದ್ದವು. ಕೂದಲೆಳೆಯಷ್ಟು ತೆಳ್ಳಗಿನ ತಂತಿಯನ್ನು ಬೆಸೆಯುವ ಬೆರಳು! "ನಂಗೆ ಎಷ್ಟು ಹೆದರಿಕೆ ಆಯ್ತು ಗೊತ್ತಾ?"

"ನಿಮಗಾ? ನಿಮಗ್ಯಾಕೆ ಹೆದರಿಕೆ?"

ಅವನು ಕಿಟಕಿಯ ಕಡೆ ತಿರುಗಿದ. "ಆ ಕ್ಯಾಮೆರಾ ನಿಮ್ಮ ಮೆಷಿನ್ ಬಿಸಿಗೆ ಸಾಯ್ಲಿಲ್ಲ. ಅದು ಸಾಯೋದೇ ಇತ್ತು. ಆ ಕಾಲದಲ್ಲಿ ಬಂದ ಆ ಮಾಡೆಲ್ ಸೆನ್ಸರೇ ಹಾಗೆ, ಒಳಗೆ ಬೆಸುಗೆ ಬಿಟ್ಕೊಳ್ಳುತ್ತೆ. ಹೆಚ್ಚಂದ್ರೆ ಇನ್ನೊಂದು ತಿಂಗಳು ಓಡುತ್ತೆ ಅಂತ ಕೊಡುವಾಗಲೇ ಗೊತ್ತಿತ್ತು."

"ಗೊತ್ತಿದ್ದೂ ಕೊಟ್ರಾ?"

"ಗೊತ್ತಿದ್ದಕ್ಕೇ ಕೊಟ್ಟೆ." ಅವನ ಕಿವಿಯ ತುದಿ ಕೆಂಪಾಗಿತ್ತು. "ನಿಮ್ಮ ಹತ್ರ ಕೆಟ್ಟಿರೋ ಸಾಮಾನೆಲ್ಲಾ ಮುಗಿದುಹೋಗಿತ್ತಲ್ಲ. ಮುಚ್ಚಳಾನೂ ಆಗಿತ್ತು. ಇನ್ನು ನೀವು ಬರಲ್ಲ ಅನ್ನಿಸ್ತು. ಇದು ಕೆಟ್ರೆ ಬರಲೇಬೇಕಲ್ಲ. ಅಷ್ಟೇ ಲೆಕ್ಕಾಚಾರ. ಒಂದು ತಿಂಗಳು ಆಯ್ತು, ಬರ್ಲಿಲ್ಲ. ಎರಡಾಯ್ತು, ಬರ್ಲಿಲ್ಲ. ಫೋಟೋ ಮಾತ್ರ ಬರ್ತಾನೇ ಇದೆ! ಕ್ಯಾಮೆರಾ ಸಾಯ್ತಾನೇ ಇಲ್ಲ! ಕೊಡೋ ಮುಂಚೆ ನಾನು ಮಾಡಿದ್ದ ರಿಪೇರಿ ಅಷ್ಟು ಗಟ್ಟಿಯಾಗೋಯ್ತಾ ಅಂತ ನನ್ನನ್ನೇ ಬೈಕೊಂಡೆ."

ಗುಬ್ಬಿ ಮೇಜಿನ ಮೇಲಿನ ಕ್ಯಾಮೆರಾವನ್ನು ನೋಡಿದಳು, ಅವನನ್ನು ನೋಡಿದಳು.

"ಆಮೇಲೆ ಈ ಗೆರೆ ನೋಡಿದೆ. ಕೆಟ್ಟ ಕ್ಯಾಮೆರಾನ ನನ್ನ ಹತ್ರ ತರೋ ಬದಲು ಇಷ್ಟೆಲ್ಲಾ ಒದ್ದಾಡಿದ್ದಾರೆ ಅಂದ್ರೆ, ಈ ಮೆಟ್ಟಿಲು ಹತ್ತೋದು ಇವರಿಗೆ ಅಷ್ಟು ಬೇಡವಾಗಿದೆ ಅಂತ ಆಯ್ತು. ನಾನೇ ಬಂದು ಕೇಳೋಕೆ ಧೈರ್ಯ ಇಲ್ಲ. ಅದಕ್ಕೇ ಅಕ್ಕನ್ನ ಕರೆಸಿದ್ದು."

ಈಗ ನೋಡಿ, ತಿಂಗಳುಗಟ್ಟಲೆ ಹೆದರಿ ಹೆದರಿ ಬಡಕಲಾಗಿದ್ದ ಹುಡುಗಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಸಾಯೋ ಕ್ಯಾಮೆರಾ ಕೊಟ್ಟು, ಅಕ್ಕನದು, ಮೊದಲನೇ ಸಂಬಳದ್ದು ಅಂತ ಬೇರೆ ಹೇಳಿದ್ರಲ್ರೀ! ಊಟ ಸೇರಲಿಲ್ಲ ನಂಗೆ. ಕೊಲೆ ಮಾಡಿದವಳ ಹಾಗೆ ಬದುಕಿದೀನಿ. ನಿನ್ನೆ ಒಬ್ಬರ ಮೀಸೆ ಅಳಿಸಿಬಿಟ್ಟೆ!"

"ಮೀಸೆ?"

"ಮೀಸೆ!"

ಅವನಿಗೆ ನಗು ಬಂತು. ತಡೆದುಕೊಂಡ. ತಡೆಯಲಾಗಲಿಲ್ಲ. ಗುಬ್ಬಿಗೂ ಅಳುವಿನ ನಡುವೆ ನಗು ಸಿಕ್ಕಿಹಾಕಿಕೊಂಡು ಬಿಕ್ಕಳಿಕೆ ಬಂತು. ಆದರೆ ಒಳಗಿನ ಆ ಒಂದು ಹೆದರಿಕೆ ಇನ್ನೂ ಅಲುಗಿರಲಿಲ್ಲ. ನಗು ನಿಂತ ಮೇಲೆ ಅದೇ ಹೊರಗೆ ಬಂತು.

"ಆದ್ರೆ ನೀವು ಇಷ್ಟಪಟ್ಟಿದ್ದು ಆ ಬಣ್ಣಾನ. ಅದು ಆ ಕ್ಯಾಮೆರಾದ್ದು ಅಂತ ಇಷ್ಟಪಟ್ರಿ. ನಂದು ಬರೀ ನಕಲು."

ಅವನು ಹತ್ತಿರ ಬಂದ. ಫೋನಿನಲ್ಲಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿ, ಕೆಂಪು ಬಕೆಟ್ಟಿನ ಫೋಟೋ ತೆಗೆದ. ಕ್ಯಾಮೆರಾ ಬದುಕಿದ್ದಾಗಿನದು. ಕೆಳಗೆ ಅವನದೇ ಉತ್ತರ: ಚೆನ್ನಾಗಿದೆ.

"ಇದು ಕ್ಯಾಮೆರಾದ ಕೆಂಪು. ನೋಡಿ, ಕಿತ್ತಳೆ ಕಡೆ ಓಡುತ್ತೆ. ಇಂಥವು ನಾನು ಬೇಕಾದಷ್ಟು ಬಿಚ್ಚಿದೀನಿ, ಎಲ್ಲದ್ದೂ ಇಷ್ಟೇ." ಆಮೇಲೆ ಕೊಡೆಯ ಫೋಟೋಕ್ಕೆ ಬಂದ. "ಇದು ನಿಮ್ಮದು. ಇಂಥ ಕೆಂಪು ಈ ಡಬ್ಬಾಕ್ಕೆ ಏಳೇಳು ಜನ್ಮಕ್ಕೂ ಬರಲ್ಲ. ಯಾವ ಕ್ಯಾಮೆರಾಕ್ಕೂ ಬರಲ್ಲ. ನನ್ನ ಟೀ ತಣ್ಣಗಾಗಿದ್ದು ಈ ಕೆಂಪಿಗೆ. ನಾನು ದಿನಾ ಕಾಯ್ತಿದ್ದಿದ್ದು ಈ ಕೆಂಪಿಗೆ. ಸಾಯ್ತಿರೋ ಸೆನ್ಸರಿನ ಆಟ ಅಂದ್ಕೊಂಡಿದ್ದೆ. ಯಾರದ್ದು ಅಂತ ಆಗ ಗೊತ್ತಿರಲಿಲ್ಲ, ಅಷ್ಟೇ."

ಗುಬ್ಬಿ ಎರಡೂ ಫೋಟೋ ನೋಡಿದಳು. ಹೌದು. ಪಕ್ಕಪಕ್ಕ ಇಟ್ಟರೆ ಮಗುವಿಗೂ ಗೊತ್ತಾಗುವಷ್ಟು ಬೇರೆ. ಇಷ್ಟು ದಿನ ಅವನು ಹೊಗಳಿದ್ದೆಲ್ಲ ತನ್ನನ್ನೇ. ಆ ಹೊಗಳಿಕೆಗೇ ತಾನು ಹೆದರಿ ನಡುಗುತ್ತಿದ್ದೆ ಅನ್ನುವುದು ನಿಧಾನಕ್ಕೆ ತಲೆಗೆ ಇಳಿಯಿತು. ಕಣ್ಣು ತುಂಬಿ ಫೋನಿನ ಪರದೆ ಕಲಸಿಹೋಯಿತು.

ಅಷ್ಟರಲ್ಲಿ ಕೆಳಗೆ ಆಟೋ ನಿಂತ ಸದ್ದು. ಒಂದು ಗಟ್ಟಿ ಹೆಣ್ಣುದನಿ ಬೀದಿಯಿಂದಲೇ ಕೂಗಿತು. "ಲೋ! ಈ ಮೆಟ್ಟಿಲು ಇನ್ನೂ ರಿಪೇರಿ ಮಾಡಿಸಿಲ್ವೇನೋ? ಊರಿನ ಸಾಮಾನೆಲ್ಲಾ ರಿಪೇರಿ ಮಾಡ್ತಾನಂತೆ!"

ಇಬ್ಬರೂ ಹಾರಿಬಿದ್ದರು. ಅವನ ಮುಖ ನೋಡಬೇಕಿತ್ತು, ಇವಳಿಗಿಂತ ಬಿಳಿಚಿಕೊಂಡಿತ್ತು.

"ಅಕ್ಕ ಬಂದ್ಲು. ಏನ್ ಹೇಳೋಣ?"

"ನಿಜ ಹೇಳೋಣ. ಸುಳ್ಳು ಸಾಕಾಗಿದೆ ನಂಗೆ."

"ಕ್ಯಾಮೆರಾ ವಿಷಯಾನಾ? ಅವಳಿಗೆ ಅದರ ನೆನಪೂ ಇಲ್ಲ."

"ಅದಲ್ಲ. ನಾವು ಮದುವೆ ಆಗ್ತೀವಿ ಅಂತ."

ಅಂದವಳೇ ಗುಬ್ಬಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ತನ್ನ ಬಾಯಿಂದ ಬಂದದ್ದಾ ಅದು?

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ನಾನು... ನಾನಿನ್ನೂ ಕೇಳೇ ಇಲ್ವಲ್ಲ ಮೇಡಂ."

ಮರದ ಮೆಟ್ಟಿಲು ಕಿರ್ ಅಂದಿತು. ಆಮೇಲೆ ಅದರ ಮೇಲಿನದು.

"ಹಾಗಾದ್ರೆ ಬೇಗ ಕೇಳು," ಎಂದಳು ಗುಬ್ಬಿ ಪಿಸುದನಿಯಲ್ಲಿ, ಅವನ ಇಸ್ತ್ರಿ ಅಂಗಿಯ ತೋಳನ್ನು ಮುದುರುವಷ್ಟು ಗಟ್ಟಿಯಾಗಿ ಹಿಡಿದುಕೊಂಡು. "ಅಕ್ಕ ಮೇಲೆ ಬರ್ತಾ ಇದಾರೆ."